ಹೊಳೆಯುವ ಬೂಟು, ಕಾಣದ ಕೈ: ಜಪಾನಿನ ಚರ್ಮದ ಶೂಗಳ ಕಥೆ

ಮೊಬೈಲ್ ಕೈಯಲ್ಲೇ ಇದೆಯಲ್ಲ, ಒಂದು ಫೋಟೋ ಹುಡುಕಿ ನೋಡಿ. 'ಸಕಾಮೊಟೊ ರ್ಯೋಮಾ' ಅಂತ ಟೈಪ್ ಮಾಡಿದರೆ ಸಾಕು, ಮೊದಲಿಗೇ ಬರುತ್ತೆ. ಬಸ್ಸಲ್ಲಿ ನೇತಾಡಿಕೊಂಡು ಕೇಳ್ತಾ ಇದ್ದರೆ ಬೇಡ ಬಿಡಿ, ನಾನೇ ಹೇಳ್ತೀನಿ.

1860ರ ದಶಕದ ಕಪ್ಪು ಬಿಳುಪು ಚಿತ್ರ ಅದು. ನಾಗಸಾಕಿಯ ಒಂದು ಸ್ಟುಡಿಯೊದಲ್ಲಿ ತೆಗೆದದ್ದು. ಒಬ್ಬ ಸಮುರಾಯ್ ನಿಂತಿದ್ದಾರೆ. ನೆರಿಗೆ ನೆರಿಗೆಯಾದ ಅಗಲ ಉಡುಪು, ಸೊಂಟದಲ್ಲಿ ಕತ್ತಿ, ಒಂದು ಕೈ ಬಟ್ಟೆಯೊಳಗೆ. ಎಲ್ಲವೂ ನಾವು ಸಿನಿಮಾದಲ್ಲಿ ನೋಡಿದ ಹಾಗೇ ಇದೆ. ಆದರೆ ಕಣ್ಣು ಕೆಳಗಿಳಿಸಿದರೆ ಕಾಲಲ್ಲಿ ಚರ್ಮದ ಬೂಟು! ಹುಲ್ಲಿನ ಚಪ್ಪಲಿ ಇರಬೇಕಾದ ಜಾಗದಲ್ಲಿ ಪಶ್ಚಿಮದ ಬೂಟು. ಹಳೆಯ ಆಡಳಿತವನ್ನು ಕೆಡವಲು ಓಡಾಡಿದ ಈ ರ್ಯೋಮಾ 1867ರಲ್ಲಿ, 31ನೇ ವಯಸ್ಸಿನಲ್ಲಿ, ಕ್ಯೋಟೊದಲ್ಲಿ ಕೊಲೆಯಾದರು. ಇವತ್ತಿಗೂ ಅವರು ಜಪಾನಿನ ಬಹುದೊಡ್ಡ ಹೀರೊ.

ಈಗ ಅಲ್ಲಿಂದ ನಮ್ಮ ಕಾಲಕ್ಕೆ ಬನ್ನಿ. ಕೈಯಿಂದ ಹೊಲಿದ ಒಳ್ಳೆಯ ಚರ್ಮದ ಶೂ ಬೇಕು ಅನ್ನುವವರು ಈಗ ಲಂಡನ್, ಪ್ಯಾರಿಸ್, ಫ್ಲಾರೆನ್ಸ್ ಜೊತೆಗೆ ಟೋಕಿಯೊ ಹೆಸರನ್ನೂ ಹೇಳುತ್ತಾರೆ. ಪಾದದ ಅಳತೆ ಕೊಟ್ಟು, ತಿಂಗಳುಗಟ್ಟಲೆ ಕಾದು, ಲಕ್ಷಾಂತರ ಯೆನ್ ಕೊಟ್ಟು ಒಂದು ಜೋಡಿ ಮಾಡಿಸಿಕೊಳ್ಳುತ್ತಾರೆ. 160 ವರ್ಷಗಳ ಹಿಂದೆ ಚರ್ಮದ ಶೂ ಅನ್ನುವ ವಸ್ತುವೇ ಅಪರೂಪವಾಗಿದ್ದ ದೇಶ ಇಲ್ಲಿಗೆ ಹೇಗೆ ಬಂತು?

ಯೂಟ್ಯೂಬ್‌ನಲ್ಲಿ ಕೇಳಿದರೆ ಉತ್ತರ ರೆಡಿ ಇರುತ್ತೆ. 'ಜಪಾನಿನವರು ಹಾಗೇ ಅಲ್ವಾ, ಏನೇ ಮಾಡಿದರೂ ಅಚ್ಚುಕಟ್ಟು.' ಕೇಳೋಕೆ ಚೆನ್ನಾಗಿದೆ. ಆದರೆ ಈ ಉತ್ತರದಲ್ಲಿ ಒಂದು ಪ್ರಶ್ನೆ ಮುಚ್ಚಿಹೋಗುತ್ತೆ. ಆ ತೊಗಲನ್ನು ಹದ ಮಾಡಿದವರು ಯಾರು? ಮೊದಲ ಬೂಟಿಗೆ ದಾರ ಎಳೆದ ಕೈ ಯಾರದ್ದು? ಇವತ್ತಿನ ಕಂತು ಆ ಕೈಗಳ ಬಗ್ಗೆ.

ಹುಲ್ಲು, ಕಟ್ಟಿಗೆ ಮತ್ತು ಮೈಲಿಗೆ

ಹಳೆಯ ಜಪಾನಿನಲ್ಲಿ ಜನ ಕಾಲಿಗೆ ಏನು ಹಾಕುತ್ತಿದ್ದರು? ಭತ್ತದ ಹುಲ್ಲನ್ನು ಹೆಣೆದು ಮಾಡಿದ 'ವಾರಾಜಿ'. ಕಟ್ಟಿಗೆಯ 'ಗೆತಾ', ಅಂದರೆ ನಮ್ಮ ಹಾವುಗೆಯ ದೂರದ ನೆಂಟ ಅನ್ನಬಹುದು. ಮತ್ತೆ 'ಜೋರಿ' ಅನ್ನುವ ಚಪ್ಪಟೆ ಚಪ್ಪಲಿ. ಎಲ್ಲದರಲ್ಲೂ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಒಂದು ಪಟ್ಟಿ. ಪಾದ ಗಾಳಿಗೆ ತೆರೆದೇ ಇರುತ್ತಿತ್ತು. ಮನೆ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವುದು ನಿಯಮ. ಮಳೆ ಹೆಚ್ಚು, ಗದ್ದೆ ಹೆಚ್ಚು, ಚಾಪೆ ಹಾಸಿದ ಮನೆ. ಅಂಥ ಬದುಕಿಗೆ ಇದು ಸರಿಯಾಗಿಯೇ ಇತ್ತು.

ಹಾಗಂತ ಅಲ್ಲಿ ಚರ್ಮ ಇರಲೇ ಇಲ್ಲ ಅಂತ ಅಲ್ಲ. ಸಮುರಾಯ್‌ಗಳ ಕವಚಕ್ಕೆ ಚರ್ಮ ಬೇಕು. ಕುದುರೆಯ ಜೀನಿಗೆ ಬೇಕು. ದೇವಸ್ಥಾನದ ದೊಡ್ಡ ನಗಾರಿಗೆ ಬೇಕು. ಈ ಕೆಲಸ ಮಾಡಲು ಒಂದು ಸಮುದಾಯವೇ ಇತ್ತು. ಸತ್ತ ದನ, ಕುದುರೆಗಳನ್ನು ಎತ್ತುವುದು, ಸುಲಿಯುವುದು, ತೊಗಲು ಹದ ಮಾಡುವುದು ತಲೆಮಾರಿನಿಂದ ತಲೆಮಾರಿಗೆ ಅವರ ಪಾಲಿಗೇ ಬಂದ ಕೆಲಸ.

ಜಪಾನಿ ಭಾಷೆಯಲ್ಲಿ 'ಕೆಗಾರೆ' ಅಂತ ಒಂದು ಪದ ಇದೆ. ಸಾವು, ರಕ್ತ ಇವುಗಳಿಂದ ಅಂಟುವ ಅಶುದ್ಧಿ. ಇದನ್ನು ಇಂಗ್ಲಿಷಿನವರಿಗೆ ವಿವರಿಸಲು ಎರಡು ಪ್ಯಾರಾ ಬೇಕು. ಕನ್ನಡಿಗರಿಗೆ ಒಂದೇ ಪದ ಸಾಕು: ಮೈಲಿಗೆ. ತೊಗಲು ಮುಟ್ಟುವವರು ಮೈಲಿಗೆ, ಅವರ ಊರು ಬೇರೆ, ಅವರ ಜೊತೆ ಊಟ ಇಲ್ಲ, ಮದುವೆ ಇಲ್ಲ. ಅವರನ್ನು ಕರೆಯಲು ಸರಕಾರಿ ಕಡತಗಳಲ್ಲಿ ಬಳಸುತ್ತಿದ್ದ ಪದವನ್ನು ಬರೆಯುವ ಅಕ್ಷರಗಳ ಅರ್ಥವೇ 'ಬಹಳ ಮೈಲಿಗೆ'. ಇವತ್ತು ಅದು ಬೈಗುಳ, ಆದ್ದರಿಂದ ನಾನಿಲ್ಲಿ ಹೇಳಲ್ಲ. ಪಶ್ಚಿಮ ಜಪಾನಿನಲ್ಲಿ 'ಕಾವಾತಾ' ಅಂತಲೂ ಕರೆಯುತ್ತಿದ್ದರು. ಇತ್ತೀಚಿನ ಪದ 'ಬುರಾಕುಮಿನ್'. 'ಬುರಾಕು' ಅಂದರೆ ಕೇರಿ, ಹಳ್ಳಿ. 'ಮಿನ್' ಅಂದರೆ ಜನ. ಕೇರಿಯ ಜನ.

ವಿಚಿತ್ರ ಏನು ಗೊತ್ತಾ? ಆಳುವವರಿಗೆ ಈ ಜನ ಮುಟ್ಟಬಾರದವರು, ಆದರೆ ಇವರ ಚರ್ಮ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಅದಕ್ಕೇ ಇವರಿಗೆ ಒಬ್ಬ ಮುಖ್ಯಸ್ಥರನ್ನು ಒಪ್ಪಿಕೊಂಡಿದ್ದರು. ಎದೊ, ಅಂದರೆ ಇವತ್ತಿನ ಟೋಕಿಯೊ, ಮತ್ತು ಸುತ್ತಲಿನ ಪ್ರಾಂತ್ಯಗಳ ಚರ್ಮಕಾರ ಸಮುದಾಯಗಳ ಮೇಲೆ ಅಧಿಕಾರ ಇದ್ದ ಆ ವಂಶಪಾರಂಪರ್ಯದ ಪದವಿಯ ಹೆಸರು 'ದಂಜಾಯೆಮೋನ್'. ಅವರ ಮನೆ, ಕಚೇರಿ ಎಲ್ಲ ಅಸಾಕುಸಾ ಅನ್ನುವ ಭಾಗದಲ್ಲಿ. ಈ ಹೆಸರು ನೆನಪಿಟ್ಟುಕೊಳ್ಳಿ. ಟೋಕಿಯೊಗೆ ಹೋದವರೆಲ್ಲ ದೊಡ್ಡ ಕೆಂಪು ಲಾಟೀನಿನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರಲ್ಲ, ಅದೇ ಅಸಾಕುಸಾ.

ಸೈನಿಕರ ಕಾಲಿಗೆ ಹೊಂದದ ಬೂಟು

1868ರಲ್ಲಿ ಶೋಗುನ್‌ಗಳ ಆಡಳಿತ ಮುಗಿಯಿತು. ಚಕ್ರವರ್ತಿ ಮೇಜಿ ಹೆಸರಲ್ಲಿ ಹೊಸ ಸರಕಾರ ಬಂತು. ಪಶ್ಚಿಮದ ದೇಶಗಳು ನಮ್ಮನ್ನು ನುಂಗುವ ಮೊದಲು ನಾವೇ ಅವರ ಹಾಗೆ ಆಗಬೇಕು ಅನ್ನುವುದು ಆ ಸರಕಾರದ ಆತುರ. ರೈಲು, ಟೆಲಿಗ್ರಾಫ್, ಸೈನ್ಯ. ಸೈನ್ಯ ಅಂದಮೇಲೆ ಬೂಟು.

ಹೊಸ ಸೈನ್ಯದ ರೂಪುರೇಷೆ ಹಾಕಿದವರು ಒಮುರಾ ಮಸುಜಿರೊ. ವಿದೇಶದಿಂದ ತರಿಸಿದ ಬೂಟುಗಳು ಜಪಾನಿ ಸೈನಿಕರ ಕಾಲಿಗೆ ದೊಡ್ಡದಾಗುತ್ತಿದ್ದವು, ಆಕಾರವೂ ಹೊಂದುತ್ತಿರಲಿಲ್ಲ. ಹುಟ್ಟಿದಾಗಿನಿಂದ ತೆರೆದ ಚಪ್ಪಲಿ ಹಾಕಿದ ಪಾದ ಅದು, ಬೆರಳುಗಳು ಹರಡಿಕೊಂಡು ಬೆಳೆದಿರುತ್ತವೆ. ಅದನ್ನು ಯುರೋಪಿನ ಅಚ್ಚಿನಲ್ಲಿ ಮಾಡಿದ ಬೂಟಿಗೆ ತುರುಕಿದರೆ ನಡೆಯೋಕಾಗುತ್ತಾ? ಬೂಟು ಇಲ್ಲೇ ತಯಾರಾಗಬೇಕು ಅಂತ ಒಮುರಾ ಒಬ್ಬ ವ್ಯಾಪಾರಿಯನ್ನು ಒತ್ತಾಯಿಸಿದರು. ಆ ವ್ಯಾಪಾರಿ ನಿಶಿಮುರಾ ಕತ್ಸುಜೊ. ಸಮುರಾಯ್ ಮನೆತನದಲ್ಲಿ ಹುಟ್ಟಿ, ಅದನ್ನು ಬಿಟ್ಟು ವ್ಯಾಪಾರಕ್ಕೆ ಇಳಿದವರು.

ಒಮುರಾ 1869ರಲ್ಲೇ ತೀರಿಕೊಂಡರು. ಆದರೆ ನಿಶಿಮುರಾ ಹಿಂದೆ ಸರಿಯಲಿಲ್ಲ. 1870ರ ಮಾರ್ಚ್ 15ರಂದು ಟೋಕಿಯೊದ ತ್ಸುಕಿಜಿ ಭಾಗದಲ್ಲಿ 'ಇಸೆ ಕತ್ಸು' ಅನ್ನುವ ಶೂ ಕಾರ್ಖಾನೆ ತೆರೆದರು. ಜಪಾನಿನಲ್ಲಿ ಈಗಲೂ ಮಾರ್ಚ್ 15 ಅಂದರೆ 'ಶೂ ದಿನ'. ಕಲಿಸಲು ವಿದೇಶಿ ಕುಶಲಕರ್ಮಿಗಳು ಬಂದರು. ಇನ್ನೊಂದು ಕಡೆ ವಾಕಾಯಾಮಾ ಸಂಸ್ಥಾನ ಜರ್ಮನಿಯವರನ್ನು ಕರೆಸಿಕೊಂಡಿತು. ನಿಶಿಮುರಾ ತಮ್ಮ ಊರಾದ ಸಕುರಾದಲ್ಲಿ, ಕೆಲಸ ಕಳೆದುಕೊಂಡ ಸಮುರಾಯ್‌ಗಳಿಗೆ ಶೂ ಹೊಲಿಯುವ ತರಬೇತಿಯನ್ನೂ ಶುರು ಮಾಡಿದರು. ಕತ್ತಿ ಹಿಡಿದ ಕೈಗೆ ಈಗ ಉಳಿ ಮತ್ತು ಮೇಣ ಹಚ್ಚಿದ ದಾರ.

ಜಪಾನಿ ಶೂಗಳ ಇತಿಹಾಸ ಅಂತ ಹುಡುಕಿದರೆ ಸಾಮಾನ್ಯವಾಗಿ ಸಿಗುವ ಕಥೆ ಇಷ್ಟು. ದೂರದೃಷ್ಟಿಯ ಉದ್ಯಮಿ, ವಿದೇಶಿ ಗುರು, ಶಿಸ್ತಿನ ಸಮುರಾಯ್. ಸುಳ್ಳೇನಲ್ಲ. ಆದರೆ ಅರ್ಧ.

ಇನ್ನರ್ಧ: ಅಸಾಕುಸಾದ ದಾನ್ ನಾವೊಕಿ

ಆ ಹೊತ್ತಿಗೆ ದಂಜಾಯೆಮೋನ್ ಪದವಿಯಲ್ಲಿದ್ದವರು 13ನೆಯವರು, ಮತ್ತು ಕೊನೆಯವರು. ಶೋಗುನ್ ಆಡಳಿತದ ಕೊನೆಯ ದಿನಗಳಲ್ಲಿ ಅವರಿಗೆ ಮತ್ತು ಅವರ ಹತ್ತಿರದ ಕೆಲವರಿಗೆ ಮಾತ್ರ ಸಾಮಾನ್ಯ ಪ್ರಜೆಯ ಸ್ಥಾನ ಸಿಕ್ಕಿತು. ಆಮೇಲೆ ಅವರು ದಾನ್ ನಾವೊಕಿ ಅಂತ ಹೆಸರಿಟ್ಟುಕೊಂಡರು. ತಮಗೆ ಸಿಕ್ಕಿದ್ದು ತಮ್ಮ ಇಡೀ ಜನಕ್ಕೂ ಸಿಗಬೇಕು ಅಂತ ಹೊಸ ಸರಕಾರಕ್ಕೆ ಮನವಿ ಮಾಡಿದರು. ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕಿದರು. ಕವಚದ ಕಾಲ ಹೋಯಿತು, ಬೂಟಿನ ಕಾಲ ಬಂತು. ಚರ್ಮ ನಮ್ಮದು, ಕೈ ನಮ್ಮದು. ಕಲಿಯಬೇಕಾದದ್ದು ಹೊಸ ವಿದ್ಯೆ ಮಾತ್ರ.

ಇಲ್ಲೊಂದು ತಾಂತ್ರಿಕ ವಿಷಯ ಇದೆ. ಜಪಾನಿನ ಹಳೆಯ ಹದ ಮಾಡುವ ವಿಧಾನಗಳು ಬಹಳ ಸೊಗಸಾದವು. ಪಶ್ಚಿಮದ ಹಿಮೇಜಿಯಲ್ಲಿ ನದಿಯ ನೀರು, ಉಪ್ಪು, ಸಾಸಿವೆ ಜಾತಿಯ ಬೀಜದ ಎಣ್ಣೆ ಇಷ್ಟೇ ಬಳಸಿ, ತುಳಿದು ತುಳಿದು ಬೆಳ್ಳಗಿನ ಚರ್ಮ ಮಾಡುತ್ತಿದ್ದರು. ಆದರೆ ಬೂಟಿನ ಅಟ್ಟೆಗೆ ಅದು ಆಗಲ್ಲ. ಅದಕ್ಕೆ ಮರದ ತೊಗಟೆಯ ಒಗರು ರಸದಲ್ಲಿ ತಿಂಗಳುಗಟ್ಟಲೆ ನೆನೆಸಿದ ದಪ್ಪ, ಗಟ್ಟಿ ಚರ್ಮ ಬೇಕು. ಆ ವಿದ್ಯೆ ಪಶ್ಚಿಮದವರ ಬಳಿ ಇತ್ತು. ದಾನ್ ನಾವೊಕಿ 1871ರಲ್ಲಿ ಟೋಕಿಯೊದ ತಕಿನೊಗಾವಾದಲ್ಲಿ ಚರ್ಮ ಹದ ಮಾಡುವುದನ್ನೂ ಸೈನ್ಯದ ಬೂಟು ಮಾಡುವುದನ್ನೂ ಕಲಿಸುವ ಕೇಂದ್ರ ತೆರೆದರು. ಅಮೆರಿಕದ ಒಬ್ಬ ತಜ್ಞರನ್ನು ಸಂಬಳ ಕೊಟ್ಟು ಕರೆಸಿಕೊಂಡರು. ಸ್ವಲ್ಪ ದಿನಕ್ಕೆ ಕೆಲಸವನ್ನು ಅಸಾಕುಸಾ ಕಡೆಗೇ ತಂದರು.

ಅದೇ 1871ರಲ್ಲಿ ಸರಕಾರ ಒಂದು ಆಜ್ಞೆ ಹೊರಡಿಸಿತು. ಆ ಅವಮಾನದ ಹೆಸರುಗಳು ರದ್ದು, ಇನ್ನು ಮೇಲೆ ಎಲ್ಲರೂ ಸಾಮಾನ್ಯ ಪ್ರಜೆಗಳು. ಇತಿಹಾಸದಲ್ಲಿ ಇದನ್ನು 'ವಿಮೋಚನೆಯ ಆಜ್ಞೆ' ಅಂತಾರೆ. ಖುಷಿ ಪಡುವ ಸುದ್ದಿ, ಅಲ್ವಾ? ಖುಷಿ ಪಟ್ಟರು ಕೂಡ. ಆದರೆ ಲೆಕ್ಕ ನೋಡಿ. ಹೆಸರಿನ ಜೊತೆಗೆ, ಚರ್ಮದ ವ್ಯಾಪಾರದ ಮೇಲಿದ್ದ ಅವರ ಏಕಸ್ವಾಮ್ಯವೂ ಹೋಯಿತು. ಸತ್ತ ಜಾನುವಾರು ಈಗ ಯಾರು ಬೇಕಾದರೂ ಮಾರಬಹುದು, ಚರ್ಮದ ಕಾರ್ಖಾನೆ ಯಾರು ಬೇಕಾದರೂ ಹಾಕಬಹುದು. ದುಡ್ಡಿದ್ದವರು ಬಂದರು. ಇವರಿಗೆ ಬಂದದ್ದು ಕಾಗದದ ಮೇಲಿನ ಸಮಾನತೆ. ಹೋದದ್ದು ಹೊಟ್ಟೆಪಾಡು.

ಮತ್ತೆ ಸಮಾಜ? ಅದು ಕಾಗದ ಓದಲ್ಲ. ಜನ ಅವರನ್ನು 'ಹೊಸ ಸಾಮಾನ್ಯರು' ಅಂತ ಕರೆಯೋಕೆ ಶುರು ಮಾಡಿದರು. 'ಹೊಸ' ಅನ್ನುವ ಎರಡೇ ಅಕ್ಷರದಲ್ಲಿ ಹಳೆಯದೆಲ್ಲ ಬಂದುಬಿಡ್ತು. 1873ರಲ್ಲಿ, ಇವತ್ತಿನ ಒಕಾಯಾಮಾ ಪ್ರಾಂತ್ಯದ ಮಿಮಾಸಾಕಾದಲ್ಲಿ, ಹೊಸ ಸರಕಾರದ ನೀತಿಗಳ ವಿರುದ್ಧ ಎದ್ದ ರೈತರು ಈ ಸಮುದಾಯದ ಹಳ್ಳಿಗಳ ಮೇಲೂ ನುಗ್ಗಿದರು. ಮನೆ ಸುಟ್ಟರು, ಜನರನ್ನು ಕೊಂದರು. ಇವರು ಸಮಾನರಂತೆ ತಲೆಯೆತ್ತಿ ನಡೆಯುತ್ತಾರೆ ಅನ್ನುವುದೇ ಸಿಟ್ಟಿಗೆ ಒಂದು ಕಾರಣ.

ದಾನ್ ನಾವೊಕಿಯವರ ಉದ್ಯಮವೂ ನಿಲ್ಲಲಿಲ್ಲ. ಬಂಡವಾಳ ಸಾಲದೆ ಹೊರಗಿನ ಪಾಲುದಾರರನ್ನು ಸೇರಿಸಿಕೊಳ್ಳಬೇಕಾಯಿತು. 1889ರಲ್ಲಿ ಅವರು ತೀರಿಕೊಂಡರು. ಆದರೆ ಅವರು ಕಲಿಸಿದ ಕೈಗಳು ಎಲ್ಲೂ ಹೋಗಲಿಲ್ಲ. ಅಸಾಕುಸಾದ ಓಣಿಗಳಲ್ಲಿ, ಮನೆ ಮನೆಯಲ್ಲಿ, ಶೂ ಹೊಲಿಯುವ ಕೆಲಸ ಬೇರು ಬಿಟ್ಟಿತು. ಚರ್ಮ, ಅಟ್ಟೆ, ದಾರ, ಮೊಳೆ ಎಲ್ಲ ಅಲ್ಲೇ ಸಿಗುವ ಹಾಗಾಯಿತು. ಟೋಕಿಯೊದ ಶೂ ಕಸುಬಿನ ಕೇಂದ್ರ ಇವತ್ತಿಗೂ ಆ ಭಾಗವೇ. ಇದು ಕಾಕತಾಳೀಯ ಅಲ್ಲ.

ಒಂದು ಶೂ ಒಳಗೆ ಏನಿರುತ್ತೆ?

ಕಥೆ ಸ್ವಲ್ಪ ನಿಲ್ಲಿಸಿ ಕೆಲಸ ನೋಡೋಣ. ಕೈಹೊಲಿಗೆಯ ಶೂ ಅಂದರೆ ಏನು ಅಂತ ಗೊತ್ತಾಗದಿದ್ದರೆ ಅದಕ್ಕೆ ಯಾಕಿಷ್ಟು ಬೆಲೆ ಅನ್ನುವುದೂ ಗೊತ್ತಾಗಲ್ಲ.

ಮೊದಲು ಪಾದದ ಅಳತೆ. ಆಮೇಲೆ ಆ ಪಾದದ ಹಾಗೇ ಒಂದು ಕಟ್ಟಿಗೆಯ ಅಚ್ಚು. ಮೇಲಿನ ಚರ್ಮವನ್ನು ಕತ್ತರಿಸಿ, ಹೊಲಿದು, ನೆನೆಸಿ, ಅಚ್ಚಿನ ಮೇಲೆ ಇಕ್ಕಳದಿಂದ ಎಳೆದು ಮೊಳೆ ಹೊಡೆಯುತ್ತಾರೆ. ಹಾಗೇ ದಿನಗಟ್ಟಲೆ ಬಿಡಬೇಕು. ಚರ್ಮಕ್ಕೆ ನೆನಪಿನ ಶಕ್ತಿ ಇದೆ, ಅಚ್ಚಿನ ಆಕಾರ ಕಲಿಯಲು ಅದಕ್ಕೂ ಟೈಮ್ ಬೇಕು.

ಆಮೇಲೆ ನಿಜವಾದ ಪರೀಕ್ಷೆ. ಪಾದದ ಕೆಳಗೆ ಬರುವ ದಪ್ಪ ಒಳ ಅಟ್ಟೆಯಲ್ಲೇ ಚಾಕುವಿನಿಂದ ಒಂದು ಸಣ್ಣ ಬದು ಕೆತ್ತುತ್ತಾರೆ, ಗದ್ದೆಯ ಬದುವಿನ ಹಾಗೆ. ಬಾಗಿದ ದಬ್ಬಳದಿಂದ ಆ ಬದುವಿಗೆ ತೂತು ಹೊಡೆದು, ಮೇಲಿನ ಚರ್ಮ ಮತ್ತು ಸುತ್ತಲಿನ ಒಂದು ಚರ್ಮದ ಪಟ್ಟಿ ಎರಡನ್ನೂ ಸೇರಿಸಿ ಹೊಲಿಯುತ್ತಾರೆ. ದಾರಕ್ಕೆ ಮೇಣ ಮತ್ತು ಮರದ ಅಂಟು ಹಚ್ಚಿರುತ್ತಾರೆ. ಒಂದೇ ತೂತಿನಲ್ಲಿ ದಾರದ ಎರಡು ತುದಿ ಎರಡು ಕಡೆಯಿಂದ ಹಾಯಬೇಕು. ಎರಡೂ ಕೈ ಒಟ್ಟಿಗೆ ಎಳೆಯಬೇಕು. ಒಂದು ಕೈ ಸಡಿಲ ಬಿಟ್ಟರೆ ಇವತ್ತು ಗೊತ್ತಾಗಲ್ಲ, ಎರಡು ಮಳೆಗಾಲ ಕಳೆದ ಮೇಲೆ ಗೊತ್ತಾಗುತ್ತೆ. ಆಮೇಲೆ ಕೆಳಗಿನ ಅಟ್ಟೆ, ಹಿಮ್ಮಡಿ, ಗಾಜಿನ ಚೂರಿನಿಂದ ಅಂಚು ಹೆರೆಯುವುದು, ಬಿಸಿ ಕಬ್ಬಿಣದಿಂದ ಮೇಣ ತೀಡುವುದು.

ಸಾಮಾನ್ಯವಾಗಿ ಯಂತ್ರದಲ್ಲಿ ಮಾಡುವಾಗ ಆ ಬದುವನ್ನು ಕೆತ್ತಲ್ಲ. ಬಟ್ಟೆಯ ಪಟ್ಟಿಯನ್ನು ಅಂಟಿಸಿ ಅದಕ್ಕೇ ಹೊಲಿಗೆ ಹಾಕುತ್ತಾರೆ. ಬೇಗ ಆಗುತ್ತೆ, ಅಗ್ಗ. ತಪ್ಪೇನಿಲ್ಲ, ಆದರೆ ಅಂಟು ಬಿಟ್ಟರೆ ಹೊಲಿಗೆಯ ಹಿಡಿತವೂ ಬಿಡುತ್ತೆ. ಕೈಹೊಲಿಗೆಯಲ್ಲಿ ಅಟ್ಟೆ ಸವೆದರೆ ಬಿಚ್ಚಿ, ಹೊಸದು ಹಾಕಿ, ವರ್ಷಗಟ್ಟಲೆ ನಡೆಯಬಹುದು.

ಇನ್ನೊಂದು ವಿಷಯ. ಜಪಾನಿನಲ್ಲಿ ದಿನಕ್ಕೆ ಎಷ್ಟೋ ಸಲ ಬಾಗಿಲಲ್ಲಿ ಶೂ ಬಿಚ್ಚಬೇಕು. ಬಿಚ್ಚಿಟ್ಟ ಶೂವಿನ ಒಳಭಾಗ, ಹಿಮ್ಮಡಿ ಎಲ್ಲ ಬಂದವರ ಕಣ್ಣಿಗೆ ಬೀಳುತ್ತೆ. 'ಕಾಲ ಬುಡ ನೋಡುವುದು' ಅಂತ ಅಲ್ಲೊಂದು ನುಡಿಗಟ್ಟೇ ಇದೆ. ಎದುರಿನವರ ದುರ್ಬಲತೆಯನ್ನು ಹಿಡಿದು ಲಾಭ ಮಾಡಿಕೊಳ್ಳುವುದು ಅಂತ ಅರ್ಥ. ದಾರಿಹೋಕರ ಕಾಲು ನೋಡಿ, ಎಷ್ಟು ದಣಿದಿದ್ದಾರೆ ಅಂತ ಅಳೆದು, ಪಲ್ಲಕ್ಕಿ ಹೊರುವವರು ಬಾಡಿಗೆ ಹೇಳುತ್ತಿದ್ದರಂತೆ.

ಬೂಟಿನಿಂದ ಯೂನಿಯನ್‌ವರೆಗೆ

ಮತ್ತೆ ಕಥೆಗೆ ಬರೋಣ. 1872ರಲ್ಲಿ ಸರಕಾರಿ ಸಮಾರಂಭಗಳಿಗೆ ಪಶ್ಚಿಮದ ಉಡುಪು ಕಡ್ಡಾಯವಾಯಿತು. ಅದೇ ವರ್ಷ ಟೋಕಿಯೊದಲ್ಲಿ ಶುರುವಾದ ಒತ್ಸುಕಾ ಕಂಪನಿ ಮುಂದೆ ಅರಮನೆಗೇ ಶೂ ಮಾಡಿಕೊಟ್ಟಿತು. 1873ರಲ್ಲಿ ಕಡ್ಡಾಯ ಸೈನಿಕ ಸೇವೆ ಬಂತು. ಅಂದರೆ ರೈತರ ಮಕ್ಕಳು ಮೊದಲ ಸಲ ಬೂಟು ಹಾಕಿದ್ದು ಸೈನ್ಯದಲ್ಲಿ. ಚೀನಾ ಜೊತೆ ಯುದ್ಧ, ರಷ್ಯಾ ಜೊತೆ ಯುದ್ಧ, ಪ್ರತಿ ಯುದ್ಧಕ್ಕೂ ಬೂಟಿನ ಆರ್ಡರ್ ಏರುತ್ತಾ ಹೋಯಿತು. 1902ರಲ್ಲಿ ನಿಶಿಮುರಾ ಅವರ ಸಂಸ್ಥೆಯೂ ಸೇರಿ ನಾಲ್ಕು ಕಂಪನಿಗಳ ಶೂ ವಿಭಾಗಗಳು ಒಂದಾಗಿ 'ನಿಪ್ಪೋನ್ ಸೇಕಾ' ಹುಟ್ಟಿತು. ಇವತ್ತು ಅದರ ಹೆಸರು ರೀಗಲ್ ಕಾರ್ಪೊರೇಷನ್.

ಬೂಟು ಹೊಲಿಯುವವರು ಮಾತ್ರ ಸಮುದ್ರ ದಾಟಿದರು. 1880ರ ದಶಕದ ಕೊನೆಯಲ್ಲಿ ಜೋ ತ್ಸುನೆತಾರೊ ಅನ್ನುವ ಶೂ ಕೆಲಸಗಾರರು ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಅಲ್ಲಿ ಬಿಳಿಯ ಕಾರ್ಮಿಕರ ಸಂಘಗಳು ಏಷ್ಯಾದವರನ್ನು ಓಡಿಸಲು ನೋಡುತ್ತಿದ್ದವು. ಜೋ ಅವರಿಗೆ ಇದರಲ್ಲಿ ಎರಡು ವಿಷಯ ಕಂಡಿತು. ಅನ್ಯಾಯ ಒಂದು, ಸಂಘದ ಶಕ್ತಿ ಇನ್ನೊಂದು. ಅಲ್ಲೇ ತಕಾನೊ ಫುಸಾತಾರೊ ಮತ್ತಿತರರ ಜೊತೆ ಸೇರಿ ಕಾರ್ಮಿಕರ ಒಂದು ಗುಂಪು ಕಟ್ಟಿದರು. ಊರಿಗೆ ಮರಳಿ 1897ರಲ್ಲಿ ಟೋಕಿಯೊದಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಜಪಾನಿನ ಆಧುನಿಕ ಕಾರ್ಮಿಕ ಚಳವಳಿ ಶುರುವಾದದ್ದು ಅಲ್ಲಿಂದ. ಒಂದು ದೇಶದ ಯೂನಿಯನ್ ಇತಿಹಾಸದ ಮೊದಲ ಪುಟದಲ್ಲೇ ಒಬ್ಬ ಶೂ ಹೊಲಿಯುವವರ ಹೆಸರು ಇದೆ!

ಬುರಾಕು ಸಮುದಾಯವೂ ಸುಮ್ಮನೆ ಕೂರಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ 'ಸುಯ್‌ಹೇಶಾ' ಹುಟ್ಟಿತು. 'ಸುಯ್‌ಹೇ' ಅಂದರೆ ನೀರಿನ ಮಟ್ಟ. ನೀರು ಹೇಗೆ ಮೇಲು ಕೀಳಿಲ್ಲದೆ ನಿಲ್ಲುತ್ತೋ ಹಾಗೆ. ಯಾರೋ ಕರುಣೆಯಿಂದ ಕೊಡುವ ವಿಮೋಚನೆ ನಮಗೆ ಬೇಡ, ನಾವೇ ಪಡೆಯುತ್ತೇವೆ ಅಂತ ಅವರು ಸಾರಿದರು.

ಜಿನೀವಾದಲ್ಲಿ ನೆನಪಾದವರು

ಯುದ್ಧ ಮುಗಿದು, ದೇಶ ಮತ್ತೆ ಎದ್ದು ನಿಂತಾಗ ಆಫೀಸಿಗೆ ಹೋಗುವ ಪ್ರತಿಯೊಬ್ಬ ಗಂಡಸಿಗೂ ಚರ್ಮದ ಶೂ ಬೇಕಾಯಿತು. 1961ರಲ್ಲಿ ನಿಪ್ಪೋನ್ ಸೇಕಾ ಅಮೆರಿಕದ ಬ್ರೌನ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು 'ರೀಗಲ್' ಬ್ರ್ಯಾಂಡ್ ತಂದಿತು. 1965ರಲ್ಲಿ 'ಟೇಕ್ ಐವಿ' ಅನ್ನುವ ಫೋಟೋ ಪುಸ್ತಕ ಬಂತು. ಅಮೆರಿಕದ ಕಾಲೇಜು ಹುಡುಗರ ಉಡುಪನ್ನು ನೋಡಿ ಟೋಕಿಯೊದ ಹುಡುಗರು ಲೋಫರ್ ಶೂಗೆ ಮುಗಿಬಿದ್ದರು. ಕಾರ್ಖಾನೆಗಳು ಬೆಳೆದವು, ಕೈಹೊಲಿಗೆ ಮೂಲೆಗೆ ಸರಿಯಿತು.

ಆಮೇಲೆ ಬಂದದ್ದು ಆಮದಿನ ಒತ್ತಡ. ಜಪಾನ್ ವಿದೇಶಿ ಚರ್ಮಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತ್ತು. ಅಮೆರಿಕ ಇದನ್ನು ಜಿನೀವಾದ ಗ್ಯಾಟ್ ವೇದಿಕೆಗೆ ಒಯ್ದಿತು. ಅಲ್ಲಿ ಜಪಾನ್ ಕೊಟ್ಟ ಕಾರಣ ಏನು ಗೊತ್ತಾ? ನಮ್ಮ ಚರ್ಮದ ಉದ್ಯಮ ನಿಂತಿರುವುದು ಶತಮಾನಗಳಿಂದ ಭೇದಭಾವ ಅನುಭವಿಸಿದ ಒಂದು ಸಮುದಾಯದ ಮೇಲೆ, ಆಮದು ಬಿಟ್ಟರೆ ಅವರ ಬದುಕು ಹೋಗುತ್ತೆ ಅಂತ. 1984ರಲ್ಲಿ ತೀರ್ಪು ಜಪಾನಿನ ವಿರುದ್ಧ ಬಂತು. 1986ರಲ್ಲಿ ಆ ಮಿತಿಯ ಬದಲು, ಒಂದು ಪ್ರಮಾಣ ದಾಟಿದರೆ ಹೆಚ್ಚು ಸುಂಕ ಅನ್ನುವ ಪದ್ಧತಿ ಬಂತು.

ಯೋಚನೆ ಮಾಡಿ. ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿಯನ್ನು ಸರಕಾರ ಜಿನೀವಾದಲ್ಲಿ ಹೇಳಿತು. ಅಂದರೆ ಎಲ್ಲರಿಗೂ ಗೊತ್ತಿತ್ತು. ಅದಕ್ಕೂ ಒಂಬತ್ತು ವರ್ಷ ಮುಂಚೆ, 1975ರಲ್ಲಿ, ಇನ್ನೊಂದು ಸುದ್ದಿ ಸ್ಫೋಟಿಸಿತ್ತು. ಬುರಾಕು ಕೇರಿಗಳು ಎಲ್ಲೆಲ್ಲಿವೆ ಅಂತ ಪಟ್ಟಿ ಮಾಡಿದ ಪುಸ್ತಕಗಳನ್ನು ಗುಟ್ಟಾಗಿ ಮಾರುತ್ತಿದ್ದರು. ಕೊಂಡವರಲ್ಲಿ ದೊಡ್ಡ ದೊಡ್ಡ ಕಂಪನಿಗಳಿದ್ದವು. ಕೆಲಸಕ್ಕೆ ಅರ್ಜಿ ಹಾಕಿದವರ ವಿಳಾಸವನ್ನು ಅದರಲ್ಲಿ ಹುಡುಕಿ ನೋಡೋಕೆ.

ಹೊಸ ಹುಡುಗರು, ಹೊಸ ಹೆಸರು

ಇದೇ ಕಾಲದ ಆಸುಪಾಸಿನಲ್ಲಿ ಒಂದು ಹೊಸ ತಿರುವು ಬಂತು. 1990ರ ದಶಕದಿಂದ ಜಪಾನಿನ ಯುವಕರು ಶೂ ಕಲಿಯಲು ಯುರೋಪಿಗೆ ಹೊರಟರು. ಯಮಾಗುಚಿ ಚಿಹಿರೊ ಇಂಗ್ಲೆಂಡಿನಲ್ಲಿ ಕಲಿತು ಬಂದು ಟೋಕಿಯೊದಲ್ಲಿ ಕಾರ್ಯಾಗಾರ ತೆರೆದರು, ಹೊಸಬರಿಗೆ ಕಲಿಸಿದರು. ಸುಜುಕಿ ಕೋಜಿ ಫ್ಲಾರೆನ್ಸ್‌ನಲ್ಲಿ ಕಲಿತು ಕೋಬೆಯಲ್ಲಿ 'ಸ್ಪಿಗೊಲಾ' ಶುರು ಮಾಡಿದರು. ಫುಕಾಯಾ ಹಿದೆತಾಕಾ ಫ್ಲಾರೆನ್ಸ್‌ನಲ್ಲೇ ಉಳಿದು, ಇಟಲಿಯವರಿಗೇ ಶೂ ಹೊಲಿದುಕೊಟ್ಟರು. ಫುಕುದಾ ಯೋಹೇ ಇಂಗ್ಲೆಂಡಿನ ಶೂ ನಗರ ನಾರ್ಥಾಂಪ್ಟನ್‌ನಲ್ಲಿ ಕಲಿತವರು, ಈಗ ಟೋಕಿಯೊದ ಅಯೊಯಾಮಾದಲ್ಲಿ ಅವರ ಕಾರ್ಯಾಗಾರ ಇದೆ. ಶೂ ಪಾಲಿಶ್ ಕೂಡ ಕಲೆಯಾಯಿತು. ಟೋಕಿಯೊ ರಸ್ತೆ ಬದಿಯಲ್ಲಿ ಪಾಲಿಶ್ ಹಾಕುತ್ತಾ ಶುರು ಮಾಡಿದ ಹಸೆಗಾವಾ ಯೂಯಾ 2017ರಲ್ಲಿ ಲಂಡನ್‌ನಲ್ಲಿ ನಡೆದ ಮೊದಲ ವಿಶ್ವ ಪಾಲಿಶ್ ಸ್ಪರ್ಧೆ ಗೆದ್ದರು.

ಒಂದು ಕಾಲದಲ್ಲಿ ಹುಟ್ಟಿನಿಂದ ಹೇರಿದ ಕೆಲಸ. ಈಗ ಆಯ್ಕೆಯಿಂದ, ಹೆಮ್ಮೆಯಿಂದ, ಡಿಗ್ರಿ ಮುಗಿಸಿದವರು ಬಂದು ಕಲಿಯುವ ಕೆಲಸ. ನಾನಂತೂ ಇದನ್ನು ದೊಡ್ಡ ಬದಲಾವಣೆ ಅಂತಲೇ ಹೇಳ್ತೀನಿ. ಈ ಹೊಸಬರ ಪ್ರತಿಭೆಯನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆದರೆ ಒಂದು ಮಾತು. ಮೈಲಿಗೆ ಕಳಚಿದ್ದು ಹೇಗೆ? ಅಸಾಕುಸಾದ ಓಣಿಯಲ್ಲಿ ಹೊಲಿದಾಗ ಅದು ಕೆಳಗಿನ ಕೆಲಸ. ಅದೇ ದಬ್ಬಳ, ಅದೇ ದಾರ, ಅದೇ ಬದು ಲಂಡನ್ ಸುತ್ತಿಕೊಂಡು ಬಂದಾಗ ಕಲೆ. ಮೈಲಿಗೆ ಬಿಟ್ಟದ್ದು ಶೂವನ್ನು, ಅದನ್ನು ಮೊದಲು ಮಾಡಿದ ಕೈಗಳನ್ನು ಪೂರ್ತಿ ಬಿಟ್ಟಿಲ್ಲ. 2016ರ ಡಿಸೆಂಬರ್‌ನಲ್ಲಿ, ಹೌದು, 2016ರಲ್ಲಿ, ಜಪಾನ್ ಸಂಸತ್ತು ಬುರಾಕು ಭೇದಭಾವವನ್ನು ಹೋಗಲಾಡಿಸಲು ಒಂದು ಕಾನೂನು ಮಾಡಬೇಕಾಯಿತು. ಆ ಭೇದಭಾವ ಇನ್ನೂ ಇದೆ, ಇಂಟರ್ನೆಟ್ ಬಂದಮೇಲೆ ಹೊಸ ರೂಪ ತಾಳಿದೆ ಅಂತ ಆ ಕಾನೂನೇ ಒಪ್ಪಿಕೊಳ್ಳುತ್ತೆ. ಹಳೆಯ ಪಟ್ಟಿಗಳನ್ನು ಈಗ ಆನ್‌ಲೈನ್‌ನಲ್ಲಿ ಹಾಕುವವರಿದ್ದಾರೆ.

ಹಾಗಾದರೆ ಪರಿಹಾರ ಏನು? ಪ್ರತಿ ಶೂ ಹೊಲಿಯುವವರ ಬಳಿ ಹೋಗಿ 'ನಿಮ್ಮ ಮನೆತನ ಯಾವುದು' ಅಂತ ಕೇಳುವುದಾ? ಖಂಡಿತ ಅಲ್ಲ. ಆ ಪ್ರಶ್ನೆಯೇ ಆಯುಧ. ಎಷ್ಟೋ ಕುಟುಂಬಗಳು ಮೌನವಾಗಿರುವುದು ಮಕ್ಕಳ ಮದುವೆ, ಕೆಲಸ ಉಳಿಸಿಕೊಳ್ಳಲು. ಆ ಮೌನ ಅವರ ಹಕ್ಕು, ಅವರ ಕವಚ. ಆದರೆ ಅದೇ ಮೌನದಲ್ಲಿ ಅವರ ಹಿರಿಯರ ವಿದ್ಯೆಯೂ ಮಾಯವಾಗುತ್ತೆ. ಹೇಳಿದರೆ ನೋವು, ಹೇಳದಿದ್ದರೆ ಅಳಿವು. ಈ ಗಂಟು ಬಿಚ್ಚುವುದು ಸುಲಭ ಅಲ್ಲ. ಒಂದು ದಾರಿ ಇದೆ ಅನ್ನಿಸುತ್ತೆ. ಈಗಿನ ವ್ಯಕ್ತಿಗಳ ಜಾತಕ ಕೆದಕದೆ, ಕಸುಬಿನ ಇತಿಹಾಸವನ್ನು ಪೂರ್ತಿ ಹೇಳುವುದು. ನಿಶಿಮುರಾ ಹೆಸರು ಬಂದ ಪುಟದಲ್ಲೇ ದಾನ್ ನಾವೊಕಿ ಹೆಸರೂ ಬರಬೇಕು. ಅಸಾಕುಸಾದಲ್ಲೇ ಯಾಕೆ ಶೂ ಅಂಗಡಿಗಳಿವೆ ಅಂತ ಕೇಳಿದವರಿಗೆ ನಿಜವಾದ ಉತ್ತರ ಸಿಗಬೇಕು. ಭೇದ ಮಾಡಿದವರಿಗೆ ನಾಚಿಕೆ ಇರಲಿ, ಹೊಲಿದವರಿಗೆ ಯ್ಯಾಕೆ?

ಅದೇ ಭಾಗದಲ್ಲಿ ತಮಾಹಿಮೆ ಇನಾರಿ ಅನ್ನುವ ಚಿಕ್ಕ ದೇವಸ್ಥಾನ ಇದೆ. ವರ್ಷಕ್ಕೆ ಎರಡು ಸಲ ಅಲ್ಲಿ ಶೂ ಸಂತೆ ಸೇರುತ್ತೆ. ಸುತ್ತಲಿನ ಕಸುಬುದಾರರು ತಮ್ಮ ಸರಕನ್ನು ಅಂಗಳದಲ್ಲಿ ಹರಡಿಕೊಂಡು ಕೂರುತ್ತಾರೆ, ಜನ ಚೌಕಾಸಿ ಮಾಡುತ್ತಾರೆ. ಸವೆದು ಹೋದ ಹಳೆಯ ಶೂಗಳಿಗೆ ಕೃತಜ್ಞತೆಯ ಪೂಜೆಯೂ ಆಗುತ್ತೆ. ತೊಗಲು ಮುಟ್ಟಿದರೆ ಮೈಲಿಗೆ ಅಂದ ನಾಡಿನಲ್ಲೇ, ದೇವರ ಅಂಗಳದಲ್ಲೇ, ಶೂಗೆ ಕೈಮುಗಿಯುತ್ತಾರೆ. ಆ ಕೈಮುಗಿಯುವಿಕೆ ಶೂ ಹೊಲಿದವರವರೆಗೂ ತಲುಪಲಿ.

ಈ ಕಂತು ಇಷ್ಟವಾದರೆ ಇನ್ನೊಬ್ಬರಿಗೆ ಕಳಿಸಿ. ನಿಮ್ಮ ಅಭಿಪ್ರಾಯ ಬರೆಯಿರಿ, ಜಗಳ ಆಡಬೇಕು ಅನ್ನಿಸಿದರೂ ಬರೆಯಿರಿ.